ವಿಕಿರಣ ಚಿಕಿತ್ಸೆಯ ಹಲಗೆಯನ್ನು ಯಂತ್ರದ ಬಾಲಕ್ಕೆ ಕಟ್ಟಬೇಡಿ

ಚಳಿಗಾಲದ ಅಧಿವೇಶನಕ್ಕೆ ಬೆಳಗಾವಿಗೆ ಬರಲಿರುವ ಆರೋಗ್ಯ ಹಾಗೂ ವೈದ್ಯಕೀಯ ಶಿಕ್ಷಣ ಸಚಿವರಿಗೆ, ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಶಾಸಕರಿಗೆ ಮತ್ತು ಸರ್ಕಾರಿ ಆಸ್ಪತ್ರೆಗಳಿಗೆ ಉಪಕರಣ ಖರೀದಿಸುವ ಅಧಿಕಾರಿಗಳಿಗೆ

ವಿಷಯ: ವಿಕಿರಣ ಚಿಕಿತ್ಸೆಯಲ್ಲಿ ರೋಗಿಯನ್ನು ಮಲಗಿಸಿ ಹಿಡಿದಿಡುವ ಸಾಧನಗಳನ್ನು ಬೇರೆಯಾಗಿ, ಪರೀಕ್ಷಿಸಿ ಖರೀದಿಸುವ ಕುರಿತು

ಮಾನ್ಯರೇ,

ಬೆಳಗಾವಿಯ ಉದ್ಯಮಬಾಗದಲ್ಲಿ ಸಣ್ಣದೊಂದು ಕಾರ್ಖಾನೆ ನಡೆಸುತ್ತಿರುವ ನಾನು, ಮೊದಲು ಫೌಂಡ್ರಿಗಳಿಗೆ ಎರಕದ ಅಚ್ಚು ತೆಗೆಯುವ ಪ್ಯಾಟರ್ನ್‌ಗಳನ್ನೂ ಮಶೀನ್ ಶಾಪ್‌ಗಳಿಗೆ ಬಿಡಿಭಾಗವನ್ನು ಅಲುಗದಂತೆ ಹಿಡಿಯುವ ಜಿಗ್, ಫಿಕ್ಸ್‌ಚರ್‌ಗಳನ್ನೂ ಮಾಡಿಕೊಡುತ್ತಿದ್ದವನು. ಈಗ ಆ ಕೆಲಸದ ಜೊತೆಗೆ, ಕ್ಯಾನ್ಸರ್ ರೋಗಿಗಳು ವಿಕಿರಣ ಚಿಕಿತ್ಸೆಗೆ ಮಲಗುವಾಗ ಅವರ ದೇಹವನ್ನು ದಿನವೂ ಒಂದೇ ಭಂಗಿಯಲ್ಲಿ ಹಿಡಿದಿಡುವ ಹಲಗೆ, ತಲೆಯಾಸರೆ, ತೋಳಾಸರೆಗಳನ್ನು ವಿನ್ಯಾಸ ಮಾಡಿ ತಯಾರಿಸುತ್ತೇನೆ. ಆದ್ದರಿಂದ ಈ ಪತ್ರದಲ್ಲಿ ನನ್ನ ವ್ಯಾಪಾರದ ಹಿತವೂ ಸೇರಿದೆ. ಅದನ್ನು ಮೊದಲೇ ಹೇಳಿಬಿಟ್ಟಿದ್ದೇನೆ. ತಾವು ಅದರ ಲೆಕ್ಕ ಇಟ್ಟುಕೊಂಡೇ ಮುಂದಿನದನ್ನು ಓದಬೇಕು.

ನನ್ನ ಕೋರಿಕೆ ಒಂದೇ. ಸರ್ಕಾರದ ದುಡ್ಡಿನಲ್ಲಿ ವಿಕಿರಣ ಚಿಕಿತ್ಸೆಯ ಯಂತ್ರ ಕೊಳ್ಳುವಾಗ, ರೋಗಿಯನ್ನು ಮಲಗಿಸುವ ಹಲಗೆಯನ್ನು ಆ ಟೆಂಡರಿನ ಕೊನೆಯ ಪುಟದಲ್ಲಿ ‘ಇತರ ಪರಿಕರಗಳು’ ಎಂದು ಬರೆದು ಮುಗಿಸಬೇಡಿ. ಅದನ್ನು ಬೇರೆಯಾಗಿ ಕೊಳ್ಳಿ. ಕೊಳ್ಳುವ ಮುನ್ನ ಇಲ್ಲಿನ ಜನರನ್ನು ಅದರ ಮೇಲೆ ಮಲಗಿಸಿ ನೋಡಿ.

ನಮ್ಮ ಹಳ್ಳಿಗಳಲ್ಲಿ ಈ ಚಿಕಿತ್ಸೆಗೆ ‘ಕರೆಂಟ್ ಕೊಡುವುದು’ ಎನ್ನುತ್ತಾರೆ. ಬಾಯಿ, ಗಂಟಲಿನ ಕ್ಯಾನ್ಸರಿಗೆ ಸಾಮಾನ್ಯವಾಗಿ ಒಟ್ಟು 66ರಿಂದ 70 ಗ್ರೇ (ದೇಹ ಹೀರಿಕೊಳ್ಳುವ ವಿಕಿರಣದ ಅಳತೆ) ವಿಕಿರಣವನ್ನು ದಿನಕ್ಕೆ 2 ಗ್ರೇಯಂತೆ, ವಾರಕ್ಕೆ ಐದು ದಿನ, 33ರಿಂದ 35 ಕಂತುಗಳಲ್ಲಿ ಕೊಡುತ್ತಾರೆ. ರೋಗಿ ಸುಮಾರು ಏಳು ವಾರ ಆಸ್ಪತ್ರೆಗೆ ಬಂದು, ಅದೇ ಮೇಜಿನ ಮೇಲೆ, ಮೊದಲ ದಿನ ಹೇಗೆ ಮಲಗಿದ್ದನೋ ಹಾಗೆಯೇ ಮಲಗಬೇಕು. ಆ ಮೊದಲ ದಿನ ಸಿಟಿ ಸಿಮ್ಯುಲೇಟರಿನಲ್ಲಿ (ಚಿಕಿತ್ಸೆಯ ಭಂಗಿಯಲ್ಲೇ ಮಲಗಿಸಿ ದೇಹದ ಒಳಚಿತ್ರ ತೆಗೆಯುವ ಸ್ಕ್ಯಾನರ್) ತೆಗೆದ ಚಿತ್ರಗಳ ಮೇಲೆ ವೈದ್ಯರು ಗಡ್ಡೆಯ ಗೆರೆ ಎಳೆಯುತ್ತಾರೆ, ವೈದ್ಯಕೀಯ ಭೌತವಿಜ್ಞಾನಿಗಳು ಕಿರಣ ಎಲ್ಲೆಲ್ಲಿಂದ ಎಷ್ಟೆಷ್ಟು ಬೀಳಬೇಕೆಂದು ಲೆಕ್ಕ ಹಾಕುತ್ತಾರೆ. ಇಡೀ ಲೆಕ್ಕ ನಿಂತಿರುವುದು ಅಂದಿನ ಭಂಗಿಯ ಮೇಲೆ. ಮುಖಕ್ಕೆ ಬಲೆಯಂತೆ ಕೂರುವ ಮಾಸ್ಕನ್ನು ಪಾಲಿಕ್ಯಾಪ್ರೊಲ್ಯಾಕ್ಟೋನ್ ಎಂಬ ಪ್ಲಾಸ್ಟಿಕ್ಕಿನಿಂದ ಮಾಡುತ್ತಾರೆ. ಅದು ಸುಮಾರು 60 ಡಿಗ್ರಿ ಸೆಲ್ಸಿಯಸ್‌ಗೆ ಮೆತ್ತಗಾಗುತ್ತದೆ. ಬಿಸಿನೀರಿನ ತೊಟ್ಟಿಯಿಂದ ತೆಗೆದು ಮುಖದ ಮೇಲೆ ಎಳೆದರೆ ಕೆಲವು ನಿಮಿಷಗಳಲ್ಲಿ ಮೂಗು, ಗದ್ದ, ಹಣೆಯ ಆಕಾರ ಹಿಡಿದು ಗಟ್ಟಿಯಾಗುತ್ತದೆ. ಈ ಮಾಸ್ಕಿನ ಅಂಚು ಬಿಗಿದುಕೊಳ್ಳುವುದು ಕೆಳಗಿನ ಹಲಗೆಗೆ. ಆ ಹಲಗೆ ಯಂತ್ರದ ಮೇಜಿನ ಅಂಚಿನಲ್ಲಿರುವ ಗುರುತಿನ ಕಚ್ಚುಗಳಿಗೆ ಕೂರುತ್ತದೆ. ಗೋಡೆ ಮತ್ತು ಸೂರಿನಿಂದ ಬರುವ ಲೇಸರ್ ಗೆರೆಗಳು ಮಾಸ್ಕಿನ ಮೇಲಿನ ಗುರುತಿಗೆ ಹೊಂದಿದರೆ ಸೆಟಪ್ ಸರಿಯಾಯಿತು ಎಂದರ್ಥ.

ಸೆಟಪ್ ಎಷ್ಟು ತಪ್ಪಬಹುದೋ ಅಷ್ಟು ಅಂಚನ್ನು ಗಡ್ಡೆಯ ಸುತ್ತ ಹೆಚ್ಚಾಗಿ ಬಿಟ್ಟೇ ಯೋಜನೆ ಮಾಡುತ್ತಾರೆ. ಈ ಅಂಚಿನ ಅರ್ಥ ಕಾರ್ಖಾನೆಯವರಿಗೆ ಬೇಗ ತಿಳಿಯುತ್ತದೆ, ಏಕೆಂದರೆ ನಾವೂ ‘ಅಲವೆನ್ಸ್’ ಎಂಬ ಹೆಚ್ಚುವರಿ ಅಳತೆ ಬಿಟ್ಟೇ ಎರಕ ಹೊಯ್ಯುವವರು. ಆರು ಸೆಂಟಿಮೀಟರ್ ಅಡ್ಡಳತೆಯ ಉಂಡೆಯಂಥ ಗಡ್ಡೆಯೊಂದಿದೆ ಎಂದುಕೊಳ್ಳಿ. ಅದರ ಗಾತ್ರ ಸುಮಾರು 113 ಘನ ಸೆಂಟಿಮೀಟರ್. ಸುತ್ತಲೂ 3 ಮಿಲಿಮೀಟರ್ ಅಂಚು ಬಿಟ್ಟರೆ ಕಿರಣ ಬೀಳುವ ಗಾತ್ರ ಸುಮಾರು 150 ಆಗುತ್ತದೆ, 5 ಮಿಲಿಮೀಟರ್ ಬಿಟ್ಟರೆ 180. ಎರಡೇ ಮಿಲಿಮೀಟರಿನ ವ್ಯತ್ಯಾಸಕ್ಕೆ 30 ಘನ ಸೆಂಟಿಮೀಟರ್ ಆರೋಗ್ಯವಂತ ಭಾಗ ಹೆಚ್ಚಾಗಿ ಸುಡುತ್ತದೆ. ಬಾಯಿಯ ಸುತ್ತ ಆ ಭಾಗವೆಂದರೆ ಜೊಲ್ಲು ಗ್ರಂಥಿ, ದವಡೆಯ ಮೂಳೆ, ನುಂಗುವ ಸ್ನಾಯು. ಅಂಚು ಬಿಡದೆ ಹಲಗೆಯನ್ನೂ ಸಡಿಲ ಬಿಟ್ಟರೆ ತೊಂದರೆ ಇನ್ನೊಂದು ಕಡೆ, ಗಡ್ಡೆಯ ಒಂದು ಮೂಲೆಗೆ ಕಿರಣ ತಲಪದೆ ಉಳಿಯುತ್ತದೆ.

ಮಾವನ ವಿಷಯ ಹೇಳದೆ ನಾನು ಈ ಕೆಲಸಕ್ಕೆ ಬಂದ ಬಗೆ ತಿಳಿಯದು. ಅಥಣಿ ಕಡೆ ಒಕ್ಕಲುತನ ಮಾಡಿಕೊಂಡಿದ್ದ ನನ್ನ ಸೋದರಮಾವನಿಗೆ ಬಾಯಿಯ ಕ್ಯಾನ್ಸರ್ ಆದಾಗ ಏಳು ವಾರ ನಾನೇ ಅವರನ್ನು ಕರೆದೊಯ್ಯುತ್ತಿದ್ದೆ. ಬಾಗಿ ಬಾಗಿ ದುಡಿದ ಬೆನ್ನು ಅವರದು, ನೆಟ್ಟಗೆ ಮಲಗಿಸಿದರೆ ತಲೆ ಹಲಗೆಗೆ ಮುಟ್ಟುತ್ತಲೇ ಇರಲಿಲ್ಲ. ಆಸ್ಪತ್ರೆಯಲ್ಲಿದ್ದ ತಲೆಯಾಸರೆಗಳಲ್ಲಿ ಅತಿ ಎತ್ತರದ್ದೂ ಸಾಲದೆ, ತಂತ್ರಜ್ಞರು ಮಡಿಸಿದ ಚಾದರವನ್ನು ಅದರ ಕೆಳಗೆ ಇಡುತ್ತಿದ್ದರು. ಅವರು ಮಾಡಬಹುದಾದುದು ಅಷ್ಟೇ ಇತ್ತು. ದಿನಕ್ಕೆ ಹತ್ತಾರು ರೋಗಿಗಳನ್ನು ಎತ್ತಿ ಮಲಗಿಸುವ ಆ ಹುಡುಗರ ತಾಳ್ಮೆಯನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆದರೆ ಚಾದರದ ಮಡಿಕೆ ಇಂದು ಇದ್ದ ಎತ್ತರದಲ್ಲಿ ನಾಳೆ ಇರುವುದಿಲ್ಲ. ಎರಡನೆಯ ವಾರದ ಒಂದು ದಿನ ಹೊರಗೆ ಬಂದ ಮಾವ, “ಅಳಿಯಾ, ಹಾಸಿಗಿ ದಿನಾ ಬ್ಯಾರೆ ಆಕ್ಕೈತಿ, ಕರೆಂಟ್ ಮಾತ್ರ ಒಂದ ಜಾಗಾಕ್ಕ ಬೀಳತೈತೇನ?” ಎಂದು ಕೇಳಿದರು. ಫಿಕ್ಸ್‌ಚರ್ ಮಾಡಿ ಹೊಟ್ಟೆ ಹೊರೆಯುವ ನನಗೆ ಆ ಪ್ರಶ್ನೆಗೆ ಉತ್ತರ ಹೇಳಲಾಗಲಿಲ್ಲ.

ನಮ್ಮ ಕಸುಬಿನಲ್ಲಿ ಒಂದು ಹಳೆಯ ಪಾಠವಿದೆ. ಯಾವುದೇ ಜಾಬನ್ನು, ಅಂದರೆ ಕೆಲಸಕ್ಕೆ ಹಿಡಿದ ಬಿಡಿಭಾಗವನ್ನು, ಅಲುಗದಂತೆ ಕೂರಿಸಬೇಕಾದರೆ ತಳಕ್ಕೆ ಮೂರು, ಬದಿಗೆ ಎರಡು, ತುದಿಗೆ ಒಂದು, ಹೀಗೆ ಆರು ಬಿಂದುಗಳ ಆಸರೆ ಬೇಕು. ಅದಕ್ಕಿಂತ ಕಡಿಮೆಯಾದರೆ ಜಾಬು ಆಡುತ್ತದೆ, ಹೆಚ್ಚಾದರೆ ಆಸರೆಗಳು ಒಂದರ ವಿರುದ್ಧ ಒಂದು ತಳ್ಳಾಡುತ್ತವೆ. ಕ್ರ್ಯಾಂಕ್‌ಶಾಫ್ಟಿಗೆ ಸಲ್ಲುವ ಈ ಪಾಠ ಮನುಷ್ಯನಿಗೆ ಅರ್ಧ ಮಾತ್ರ ಸಲ್ಲುತ್ತದೆ, ಏಕೆಂದರೆ ಮನುಷ್ಯ ಉಸಿರಾಡುತ್ತಾನೆ, ಎಂಜಲು ನುಂಗುತ್ತಾನೆ, ಹೆದರುತ್ತಾನೆ, ಏಳು ವಾರದಲ್ಲಿ ತೂಕ ಕಳೆದುಕೊಳ್ಳುತ್ತಾನೆ. ಉಳಿದ ಅರ್ಧವನ್ನು ನನಗೆ ಕಲಿಸಿದವರು ಒಬ್ಬ ಭೌತವಿಜ್ಞಾನಿ. ನಾನು ಹೆಮ್ಮೆಯಿಂದ ಒಯ್ದ ಮೊದಲ ಹಲಗೆಗೆ ಸ್ಕ್ರೂ ಕೂರುವ ಎಳೆ ಗಟ್ಟಿಯಿರಲೆಂದು ತೂತಿನೊಳಗೆ ಹಿತ್ತಾಳೆಯ ಬುಷ್ ಕೂರಿಸಿದ್ದೆ. ಸಿಟಿ ಚಿತ್ರದಲ್ಲಿ ಆ ಬುಷ್ಷಿನಿಂದ ಬಿಳಿ ಗೆರೆಗಳು ಸೂರ್ಯನ ಕಿರಣಗಳಂತೆ ಹಬ್ಬಿ ಕತ್ತಿನ ಭಾಗವೇ ಕಾಣದಂತಾಗಿತ್ತು. ಎರಡನೆಯದನ್ನು ಅಕ್ರಿಲಿಕ್ಕಿನಲ್ಲಿ ಮಾಡಿದೆ. ಅದು ಚೆನ್ನಾಗಿಯೇ ಕಂಡಿತು, ಆದರೆ ಪ್ರತಿ ರೋಗಿಯ ನಂತರ ಸ್ಪಿರಿಟ್ ಹಚ್ಚಿ ಒರೆಸುತ್ತಾರೆಂಬುದನ್ನು ನಾನು ಯೋಚಿಸಿರಲಿಲ್ಲ. ಕೆಲವೇ ದಿನಗಳಲ್ಲಿ ಅಂಚಿನಲ್ಲೆಲ್ಲ ಕೂದಲೆಳೆಯ ಬಿರುಕು ಬಂದವು. ನಡುವೆ ಹಗುರ ಫೋಮ್ ಇಟ್ಟು ಮೇಲೆ ಕೆಳಗೆ ಕಾರ್ಬನ್ ಫೈಬರ್ ಹೊದಿಸಿದ ಮೂರನೆಯ ಹಲಗೆ ನಿಂತಿತು. ಅದಕ್ಕೂ ತನ್ನದೇ ದೋಷವಿದೆ. ಕಾರ್ಬನ್ ಫೈಬರ್ ಕಿರಣವನ್ನು ತಡೆಯುವುದು ಕಡಿಮೆಯಾದರೂ, ಅದಕ್ಕೆ ತಾಗಿ ಮಲಗಿದ ಚರ್ಮಕ್ಕೆ ಬೀಳುವ ಪ್ರಮಾಣವನ್ನು ಹೆಚ್ಚಿಸುತ್ತದೆ. ಅಮೆರಿಕದ ವೈದ್ಯಕೀಯ ಭೌತವಿಜ್ಞಾನಿಗಳ ಸಂಘದ 176ನೆಯ ಕಾರ್ಯತಂಡ 2014ರಲ್ಲಿ ಪ್ರಕಟಿಸಿದ ವರದಿ ಇದೇ ವಿಷಯದ್ದು. ಮೇಜು ಮತ್ತು ಹಲಗೆಗಳನ್ನು ಲೆಕ್ಕಕ್ಕೆ ಹಿಡಿಯದೆ ಯೋಜನೆ ಮಾಡಬಾರದೆಂದು ಅದು ಹೇಳುತ್ತದೆ. ಇದನ್ನೆಲ್ಲ ಬರೆಯುತ್ತಿರುವುದು ನನ್ನ ಸೋಲುಗಳ ಪಟ್ಟಿ ಕೊಡಲೆಂದಲ್ಲ. ಕಾಗದದ ಮೇಲೆ ಸರಿಯಾಗಿದ್ದ ಆ ಮೊದಲ ಎರಡು ಹಲಗೆಗಳನ್ನೂ ಯಾವುದಾದರೂ ಟೆಂಡರಿಗೆ ಹಾಕಿದ್ದರೆ, ಅಳತೆಯ ಕಲಂಗಳಲ್ಲಿ ಅವು ಪಾಸಾಗುತ್ತಿದ್ದವು.

ಇನ್ನು ಇಲ್ಲಿನ ದೇಹಗಳ ಮಾತು. ಹಲಗೆಗಳ ಕ್ಯಾಟಲಾಗಿನಲ್ಲಿ ಮಲಗಿರುವ ಮನುಷ್ಯನ ಬೆನ್ನು ನೆಟ್ಟಗಿದೆ, ಬಾಯಿ ಸಲೀಸಾಗಿ ತೆರೆಯುತ್ತದೆ, ತೋಳು ತಲೆಯ ಮೇಲೆ ಹೋಗುತ್ತದೆ. ನಿಪ್ಪಾಣಿಯ ತಂಬಾಕಿನ ಸೀಮೆಯಿಂದ ಹಿಡಿದು ಇಂಡಿ, ಮುದ್ದೇಬಿಹಾಳದವರೆಗೆ ಎಲೆ-ಅಡಿಕೆ, ಗುಟ್ಕಾ, ತಂಬಾಕು ಜಗಿದು ಬರುವವರ ಕಥೆ ಬೇರೆ. ಅಡಿಕೆಯಿಂದ ಬಾಯಿಯ ಒಳಪೊರೆ ಬಿಗಿದು, ಎರಡು ಬೆರಳೂ ತೂರದಷ್ಟು ಬಾಯಿ ಕಟ್ಟಿಕೊಂಡವರಿಗೆ ನಾಲಗೆಯನ್ನು ಕೆಳಗೆ ಒತ್ತಿಡುವ ಸಿದ್ಧ ಬಾಯಿತುಂಡು ಒಳಗೇ ಹೋಗುವುದಿಲ್ಲ. ಸ್ತನದ ಶಸ್ತ್ರಚಿಕಿತ್ಸೆಯಾದ ಹೆಣ್ಣುಮಕ್ಕಳಲ್ಲಿ ಎಷ್ಟೋ ಜನಕ್ಕೆ ಭುಜ ಬಿಗಿದು ತೋಳು ಕಿವಿಯ ಮೇಲೆ ಏಳುವುದಿಲ್ಲ; ಎತ್ತರದ ಹೆಂಗಸರಿಗೆಂದು ಮಾಡಿದ ಬ್ರೆಸ್ಟ್ ಬೋರ್ಡಿನಲ್ಲಿ (ಸ್ತನದ ಚಿಕಿತ್ಸೆಗೆ ಮಲಗಿಸುವ ಹಲಗೆ) ತೋಳಾಸರೆ ಅವರ ಕೈಗೆ ಸಿಗುವುದೇ ಇಲ್ಲ, ಕೈ ಗಾಳಿಯಲ್ಲಿ ನಡುಗುತ್ತಿರುತ್ತದೆ. ತುರುಬಿನದು ಕೇಳಿದವರಿಗೆ ನಗು ಬರುವ ಸಂಗತಿ, ಆದರೆ ನಿಜ. ಮೊದಲ ದಿನ ತುರುಬು ಕಟ್ಟಿಕೊಂಡೇ ಮಾಸ್ಕ್ ಮಾಡಿಸಿಕೊಂಡ ಅಜ್ಜಿ, ಮರುದಿನ ಎಣ್ಣೆ ಹಚ್ಚಿ ಜಡೆ ಹಾಕಿಕೊಂಡು ಬಂದರೆ ತಲೆ ಕೆಳಗೆ ಇಳಿದು ಗದ್ದ ಮೇಲೇಳುತ್ತದೆ. ಗದ್ದ ಒಂದು ಡಿಗ್ರಿ ಓರೆಯಾದರೆ 15 ಸೆಂಟಿಮೀಟರ್ ದೂರದ ಬಿಂದು 2.6 ಮಿಲಿಮೀಟರ್ ಸರಿಯುತ್ತದೆ. ಮೇಲೆ ಹೇಳಿದ 3 ಮಿಲಿಮೀಟರ್ ಅಂಚು ಬಹುತೇಕ ಅಲ್ಲಿಗೇ ಮುಗಿಯಿತು. ಈಗ ನಾನು ಮಾಡುವ ತಲೆಯಾಸರೆಯ ಹಿಂಭಾಗದಲ್ಲಿ ತುರುಬಿಗೆ ಒಂದು ಗುಳಿ ಬಿಟ್ಟಿದ್ದೇನೆ, ಗೂನು ಬೆನ್ನಿನವರಿಗೆ ಕೆಳಗೆ ಸೇರಿಸಲು ಸಂಖ್ಯೆ ಕೊರೆದ ಬಿಲ್ಲೆಗಳನ್ನು ಮಾಡಿದ್ದೇನೆ. ಇಂದು ಏಳನೆಯ ಸಂಖ್ಯೆಯ ಬಿಲ್ಲೆ ಇಟ್ಟರೆ ನಾಳೆಯೂ ಅದನ್ನೇ ಇಡಬಹುದು. ಇವು ಮಹಾ ಆವಿಷ್ಕಾರಗಳೇನಲ್ಲ. ಮಾವನ ಚಾದರವನ್ನು ನೋಡಿದ ಯಾವ ಫಿಕ್ಸ್‌ಚರ್ ಮಿಸ್ತ್ರಿಗಾದರೂ ಹೊಳೆಯುತ್ತಿದ್ದವು.

‘ಈಗಿನ ಯಂತ್ರಗಳಲ್ಲಿ ಪ್ರತಿದಿನ ಚಿತ್ರ ತೆಗೆದು ಸರಿಪಡಿಸುತ್ತಾರೆ, ಹಲಗೆ ಹೇಗಿದ್ದರೇನು’ ಎಂದು ಹಲವು ಅಧಿಕಾರಿಗಳು ನನಗೆ ಹೇಳಿದ್ದಾರೆ. ಚಿತ್ರ ನೋಡಿ ಯಂತ್ರ ಮೇಜನ್ನು ಸರಿಸುತ್ತದೆ, ದುಬಾರಿ ಮೇಜಾದರೆ ಓರೆಯನ್ನೂ ತಿದ್ದುತ್ತದೆ. ಆದರೆ ಅದು ಇಡೀ ದೇಹವನ್ನು ಒಂದೇ ಕಟ್ಟಿಗೆಯಂತೆ ಸರಿಸುತ್ತದೆ. ಭುಜದಿಂದ ಮೇಲೆ ಕತ್ತು ಬಾಗಿದ್ದರೆ ಯಾವ ಮೇಜೂ ಅದನ್ನು ನೆಟ್ಟಗೆ ಮಾಡಲಾರದು. ದವಡೆಯನ್ನು ಹೊಂದಿಸಿದರೆ ಕತ್ತಿನ ಗ್ರಂಥಿ ತಪ್ಪುತ್ತದೆ, ಕತ್ತನ್ನು ಹೊಂದಿಸಿದರೆ ದವಡೆ ತಪ್ಪುತ್ತದೆ. ಆಗ ರೋಗಿಯನ್ನು ಎಬ್ಬಿಸಿ ಮತ್ತೆ ಮಲಗಿಸಬೇಕು. ಹೊರಗೆ ಕಾಯುತ್ತಿರುವವರ ಸಾಲು ಬೆಳೆಯುತ್ತದೆ, ಜಮಖಂಡಿಗೆ ಹೊರಡುವ ಸಂಜೆಯ ಬಸ್ಸು ತಪ್ಪುತ್ತದೆ. ಒಬ್ಬ ರೋಗಿಗೆ ನಾಲ್ಕು ನಿಮಿಷ ಉಳಿದರೂ ದಿನಕ್ಕೆ 50 ಜನರನ್ನು ನೋಡುವ ಕೇಂದ್ರದಲ್ಲಿ ಅದು 200 ನಿಮಿಷ. ಕೋಟಿಗಟ್ಟಲೆ ಬೆಲೆಯ ಯಂತ್ರದ ಮೂರು ತಾಸಿಗೂ ಹೆಚ್ಚಿನ ದುಡಿಮೆ ಹಲಗೆಯ ಗುಣದ ಮೇಲೆ ನಿಂತಿದೆ ಎಂಬುದು ಖರೀದಿಯ ಕಡತದಲ್ಲಿ ಎಲ್ಲಿಯೂ ಕಾಣುವುದಿಲ್ಲ.

ಈಗ ದೂರಿನ ಮಾತು. ಹೆಸರು ಹೇಳದೆ ಹೇಳುತ್ತೇನೆ, ಏಕೆಂದರೆ ಇದು ಒಂದೇ ಕಚೇರಿಯ ರೋಗವಲ್ಲ. ಒಂದು ಸರ್ಕಾರಿ ಆಸ್ಪತ್ರೆಯ ಟೆಂಡರಿನಲ್ಲಿ ಹಲಗೆಯ ಉದ್ದ, ಅಗಲ, ತೂತುಗಳ ನಡುವಿನ ಅಂತರ, ಕೊನೆಗೆ ಅಂಚಿನ ಬಣ್ಣದವರೆಗೆ ಒಂದು ವಿದೇಶಿ ಕಂಪನಿಯ ಕ್ಯಾಟಲಾಗಿನಿಂದ ಎತ್ತಿ ಬರೆಯಲಾಗಿತ್ತು. ತೂಕ ಹಾಕಿದರೆ ಹಲಗೆ ಎಷ್ಟು ಬಗ್ಗಬಹುದು, ಕಿರಣವನ್ನು ಎಷ್ಟು ತಡೆಯಬಹುದು, ತೆಗೆದು ಮತ್ತೆ ಕೂರಿಸಿದರೆ ಎಷ್ಟು ಸರಿಯಬಹುದು ಎಂಬ ಒಂದು ಸಾಲೂ ಇರಲಿಲ್ಲ. ಜೊತೆಗೆ ಮೂರು ವರ್ಷ ಸರ್ಕಾರಿ ಆಸ್ಪತ್ರೆಗಳಿಗೆ ಪೂರೈಸಿದ ಅನುಭವ, ಕೋಟಿಗಳ ವಹಿವಾಟು ಇರಬೇಕೆಂಬ ಷರತ್ತು. ಸರ್ಕಾರಕ್ಕೆ ಮಾರಿದ ಅನುಭವವಿಲ್ಲದೆ ಸರ್ಕಾರಕ್ಕೆ ಮಾರುವಂತಿಲ್ಲವೆಂದರೆ, ಈಜು ಕಲಿತ ಮೇಲೆಯೇ ನೀರಿಗಿಳಿ ಎಂದಂತೆ. ನನ್ನ ಹಲಗೆ ಅಂಚಿನ ಬಣ್ಣದ ಕಾರಣಕ್ಕೆ ತಿರಸ್ಕೃತವಾಯಿತೆಂದು ಹೇಳಲಾರೆ. ಅಲ್ಲಿಯವರೆಗೂ ಅದು ಹೋಗಲೇ ಇಲ್ಲ, ವಹಿವಾಟಿನ ಕಲಂನಲ್ಲೇ ನಿಂತಿತು.

ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳಲ್ಲಿ 144ನೆಯದು, ಕೊಳ್ಳುವ ವಸ್ತುವಿನ ವಿವರಣೆ ಅಳೆಯಬಹುದಾದಂತಿರಬೇಕು, ಅದು ಮಾಡಬೇಕಾದ ಕೆಲಸವನ್ನು ಹೇಳಬೇಕು, ಒಂದು ಬ್ರ್ಯಾಂಡಿನತ್ತ ಬೆರಳು ತೋರಿಸಬಾರದು ಎನ್ನುತ್ತದೆ. ಆ ನಿಯಮ ಕೇಂದ್ರದ ಖರೀದಿಗೆ ಅನ್ವಯವಾಗುವಂಥದು, ರಾಜ್ಯಕ್ಕೆ ನಮ್ಮದೇ 1999ರ ಸರ್ಕಾರಿ ಖರೀದಿ ಪಾರದರ್ಶಕತೆ ಕಾಯ್ದೆಯಿದೆ ಎಂಬುದು ಗೊತ್ತು. ಆದರೆ ಒಳ್ಳೆಯ ಸಾಲನ್ನು ಎರವಲು ಪಡೆಯಲು ಯಾವ ಕಾಯ್ದೆಯೂ ಅಡ್ಡಬರಲಾರದು.

ಸಣ್ಣ ಕಾರ್ಖಾನೆಯವರನ್ನು ನಂಬಿ ರೋಗಿಯ ಜೀವ ಪಣಕ್ಕಿಡಬೇಕೇ ಎಂಬ ಪ್ರಶ್ನೆ ನ್ಯಾಯವಾದುದು. ನಂಬಬೇಡಿ ಎಂದೇ ನಾನೂ ಹೇಳುತ್ತೇನೆ. 2017ರ ವೈದ್ಯಕೀಯ ಸಾಧನ ನಿಯಮಗಳು ಇವೆ, 2020ರ ಏಪ್ರಿಲ್ 1ರಿಂದ ಎಲ್ಲ ವೈದ್ಯಕೀಯ ಸಾಧನಗಳೂ ಕಾನೂನಿನ ದೃಷ್ಟಿಯಲ್ಲಿ ಔಷಧದ ಸಾಲಿಗೆ ಬಂದಿವೆ, ತಯಾರಿಕೆಯ ಗುಣಮಟ್ಟಕ್ಕೆ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 13485 ಇದೆ. ಇವುಗಳಲ್ಲಿ ಒಂದನ್ನೂ ಸಡಿಲಿಸಬೇಕೆಂದು ನಾನು ಕೇಳುತ್ತಿಲ್ಲ. ಯಂತ್ರವನ್ನೇ ದೇಶದಲ್ಲಿ ಮಾಡಿದ ಉದಾಹರಣೆ ಕಣ್ಣ ಮುಂದಿದೆ. ಭಾಭಾ ಪರಮಾಣು ಸಂಶೋಧನಾ ಕೇಂದ್ರ ರೂಪಿಸಿದ ಕೋಬಾಲ್ಟ್ ವಿಕಿರಣ ಚಿಕಿತ್ಸಾ ಯಂತ್ರ ಭಾಭಾಟ್ರಾನ್ ತಯಾರಾಗುವುದು ಬೆಂಗಳೂರಿನ ಕಂಪನಿಯೊಂದರಲ್ಲಿ. ಭಾರತ ಅದನ್ನು ವಿಯೆಟ್ನಾಂನಂಥ ದೇಶಗಳಿಗೆ ಕೊಡುಗೆಯಾಗಿಯೂ ಕೊಟ್ಟಿದೆ. ವಿಕಿರಣದ ಮೂಲವನ್ನು ಒಳಗಿಟ್ಟುಕೊಂಡ ಯಂತ್ರವೇ ನಮ್ಮಲ್ಲಿ ಆಗುವುದಾದರೆ, ವಿಮಾನದ ಬಿಡಿಭಾಗಗಳು ಹತ್ತರಗಿಯಲ್ಲಿ ತಯಾರಾಗುವ ಜಿಲ್ಲೆಯಲ್ಲಿ ಒಂದು ಹಲಗೆ ಆಗದೆ?

ಹಾಗಾದರೆ ಟೆಂಡರಿನಲ್ಲಿ ಏನು ಬರೆಯಬೇಕು? ಹಲಗೆಯ ಮೇಜಿನಾಚೆ ಚಾಚುವ ತುದಿಗೆ ಇಂತಿಷ್ಟು ಕಿಲೋ ಭಾರ ಹೇರಿ, ಡಯಲ್ ಗೇಜಿನಲ್ಲಿ ಅದು ಎಷ್ಟು ಬಗ್ಗಿತೆಂದು ನೋಡಬೇಕು ಎಂದು ಬರೆಯಿರಿ. ಕಿರಣವನ್ನು ಬೇರೆಬೇರೆ ಕೋನಗಳಿಂದ ಅದರ ಮೂಲಕ ಹಾಯಿಸಿ, ಎಷ್ಟು ಕಡಿಮೆಯಾಯಿತೆಂದು ಆಸ್ಪತ್ರೆಯ ಭೌತವಿಜ್ಞಾನಿಗಳೇ ತಮ್ಮ ಅಯಾನ್ ಚೇಂಬರಿನಲ್ಲಿ (ವಿಕಿರಣ ಅಳೆಯುವ ಉಪಕರಣ) ಅಳೆಯಲಿ. ಅದಕ್ಕೆ ಬೇಕಾದ ಉಪಕರಣ, ವಿದ್ಯೆ ಎರಡೂ ಅವರಲ್ಲಿ ಈಗಾಗಲೇ ಇವೆ. ಮೂವತ್ತೈದು ಕಂತಿನ ಚಿಕಿತ್ಸೆಗೆ ಹಲಗೆಯನ್ನು ಮೂವತ್ತೈದು ಸಲ ತೆಗೆದು ಕೂರಿಸಿ ನೋಡುವುದು ಅತಿಯೆನಿಸಲಾರದು. ಆಸ್ಪತ್ರೆ ಬಳಸುವ ಅದೇ ಸ್ಪಿರಿಟ್ಟಿನಿಂದ ಒರೆಸಿ ಒಂದು ತಿಂಗಳು ಇಟ್ಟು ನೋಡಿ, ನನ್ನ ಎರಡನೆಯ ಹಲಗೆಯಂಥವು ಅಲ್ಲೇ ಉದುರುತ್ತವೆ. ಎಲ್ಲಕ್ಕಿಂತ ಮುಖ್ಯವಾಗಿ, ಒಬ್ಬ ಗೂನು ಬೆನ್ನಿನ ಹಿರಿಯರನ್ನು, ತೋಳು ಮೇಲೇಳದ ಒಬ್ಬ ತಾಯಿಯನ್ನು, ಒಬ್ಬ ದಢೂತಿ ಆಳನ್ನು ಅವರ ಒಪ್ಪಿಗೆ ಪಡೆದು ಯಂತ್ರ ಚಾಲೂ ಮಾಡದೆ ಅದರ ಮೇಲೆ ಮಲಗಿಸಿ, ಎಬ್ಬಿಸಿ, ಮತ್ತೆ ಮಲಗಿಸಿ ಲೇಸರ್ ಗೆರೆ ಎಲ್ಲಿ ಬಿದ್ದಿತೆಂದು ಬರೆದುಕೊಳ್ಳಿ. ದಿನವೂ ಆ ಹಲಗೆ ಎತ್ತುವ ತಂತ್ರಜ್ಞರ ಮಾತಿಗೂ ಅಂಕ ಇರಲಿ. ಈವರೆಗೆ ನಾನು ಕಂಡ ಯಾವ ಖರೀದಿ ಸಮಿತಿಯಲ್ಲಿಯೂ ಅವರಿಗೆ ಕುರ್ಚಿ ಇರಲಿಲ್ಲ.

ಮಾಸ್ಕಿನ ಬಗ್ಗೆ ಒಂದು ಮಾತು ಸೇರಿಸಬೇಕು. ರೋಗಿ ತೂಕ ಇಳಿದಾಗ ಮಾಸ್ಕ್ ಸಡಿಲವಾಗುತ್ತದೆ, ಹೊಸದು ಮಾಡಬೇಕಾಗುತ್ತದೆ. ಬಳಸಿದ ಹಾಳೆಯನ್ನೇ ಮತ್ತೆ ಬಿಸಿನೀರಿಗೆ ಹಾಕಿ ಎಳೆಯುವ ರೂಢಿ ಹಲವೆಡೆ ಇದೆ. ಒಂದೊಂದು ಸಲ ಎಳೆದಾಗಲೂ ಹಾಳೆ ತೆಳುವಾಗುತ್ತದೆ, ಹಿಡಿತ ಕುಗ್ಗುತ್ತದೆ. ಸರ್ಕಾರದ ಆರೋಗ್ಯ ಯೋಜನೆಗಳ ದರಪಟ್ಟಿಯಲ್ಲಿ ಮಧ್ಯದಲ್ಲಿ ಬದಲಿಸುವ ಮಾಸ್ಕಿಗೆ ಬೇರೆಯೇ ಸಾಲು ಇದ್ದರೆ ಆಸ್ಪತ್ರೆಗಳಿಗೆ ಆ ಜುಗ್ಗತನದ ಅಗತ್ಯ ಬೀಳದು. ಮಾಸ್ಕಿನ ಹಾಳೆ ನಾನು ತಯಾರಿಸುವುದಿಲ್ಲ, ಇದರಲ್ಲಿ ನನಗೆ ಲಾಭವೂ ಇಲ್ಲ.

ಸುವರ್ಣ ವಿಧಾನಸೌಧದಿಂದ ಉದ್ಯಮಬಾಗ ದೂರವೇನಲ್ಲ. ಅಧಿವೇಶನದ ನಡುವೆ ತಮ್ಮಲ್ಲಿ ಯಾರಿಗಾದರೂ ಬಿಡುವಾದರೆ, ಮೂರೂ ಹಲಗೆಗಳು, ಬಿರುಕು ಬಿಟ್ಟಿದ್ದೂ ಸೇರಿದಂತೆ, ನಮ್ಮ ಕಾರ್ಖಾನೆಯ ಗೋಡೆಗೆ ಒರಗಿಕೊಂಡಿವೆ, ಬಂದು ನೋಡಬಹುದು. ಬರಲಾಗದಿದ್ದರೆ, ಮುಂದಿನ ವಿಕಿರಣ ಚಿಕಿತ್ಸಾ ಯಂತ್ರದ ಟೆಂಡರ್ ಕರಡು ಅಂತಿಮಗೊಳ್ಳುವ ಮುನ್ನ ಹಲಗೆಯ ಪುಟವನ್ನು ಹೊರಗೆ ತೆಗೆದು, ಪರೀಕ್ಷೆಗೆ ಒಂದು ದಿನ ಗೊತ್ತುಮಾಡಿ ಎಲ್ಲ ತಯಾರಕರನ್ನೂ ಕರೆಯಿರಿ. ನನ್ನ ಹಲಗೆಯ ಮೇಲಿನ ಹೆಸರಿನ ಚೀಟಿ ಕಿತ್ತು ತರುತ್ತೇನೆ. ಉಳಿದವರಿಗೂ ಹಾಗೆಯೇ ತರಲು ಹೇಳಿ.

ಇಂತಿ ತಮ್ಮ ವಿಶ್ವಾಸಿ,
ಉದ್ಯಮಬಾಗದ ಒಬ್ಬ ಸಣ್ಣ ತಯಾರಕ
ಬೆಳಗಾವಿ